ಮುರುಗಲು ಸಿಪ್ಪೆಯ ಸಾರಕ್ಕೆ ಕಿಡ್ನಿ ಕ್ಯಾನ್ಸರ್ ಕೋಶ ಸಾಯುತ್ತಿದೆ. ಇದನ್ನು ಅಪೊಪ್ಟೋಸಿಸ್ (ಕೋಶ ತಾನೇ ಕ್ರಮವಾಗಿ ಸಾಯುವುದು) ಅಂತ ಬರೆಯಬಹುದಾ?

ಕಾಳಿ_ಸಂಗಮ, ಕಾರವಾರ

ಎಂಎಸ್ಸಿ ಬಯೋಕೆಮಿಸ್ಟ್ರಿ ಕೊನೇ ಸೆಮಿಸ್ಟರಿನ ಪ್ರಾಜೆಕ್ಟು. ಮುರುಗಲು ಸಿಪ್ಪೆಯ ಸಾರವನ್ನು ಕಿಡ್ನಿ ಕ್ಯಾನ್ಸರಿನ ಎರಡು ಸೆಲ್ ಲೈನ್ (ಲ್ಯಾಬಿನಲ್ಲಿ ಬೆಳೆಸುವ ಕೋಶಸಂತತಿ) ಮೇಲೆ ಹಾಕಿ ನೋಡುವುದು. ಒಂದು 786-ಓ, ಇನ್ನೊಂದು ಎಸಿಎಚ್‌ಎನ್. ಸಿಪ್ಪೆ ಶಿರಸಿ ಪೇಟೆಯ ಅಂಗಡಿಯದ್ದು, ಅಡುಗೆಗೆ ಮಾರುವ ಒಣಸಿಪ್ಪೆ. ಪುಡಿ ಮಾಡಿ ಒಂದು ಪಾಲನ್ನು ನೀರಿನಲ್ಲಿ, ಇನ್ನೊಂದನ್ನು ಮೆಥನಾಲ್‌ನಲ್ಲಿ ನೆನೆಸಿ, ಸೋಸಿ ಒಣಗಿಸಿ ಇಟ್ಟಿದ್ದೇನೆ. 24 ತಾಸಿನ ಎಂಟಿಟಿಯಲ್ಲಿ (ಬದುಕಿರುವ ಕೋಶ ಎಂಟಿಟಿ ಬಣ್ಣವನ್ನು ನೇರಳೆ ಮಾಡುವುದನ್ನು ಅಳೆಯುವ ಪರೀಕ್ಷೆ) ಸಿಕ್ಕಿದ್ದು:

ನೀರಿನ ಸಾರ 1 ಮಿ.ಗ್ರಾಂ/ಮಿ.ಲೀ. ವರೆಗೆ ಏನೂ ಮಾಡುವುದಿಲ್ಲ. 5 ಮಿ.ಗ್ರಾಂಗೆ ಎಲ್ಲ ಕೋಶವೂ ಸತ್ತಿರುತ್ತದೆ. ಆ ಪ್ರಮಾಣ ಹಾಕಿದ ಕೂಡಲೇ ಮೀಡಿಯಂ ಕೆಂಪಿನಿಂದ ಹಳದಿಗೆ ತಿರುಗುತ್ತದೆ. ಮೆಥನಾಲ್ ಸಾರಕ್ಕೆ 50 ಮೈಕ್ರೋಗ್ರಾಂ/ಮಿ.ಲೀ.ನಲ್ಲಿ ಹೆಚ್ಚುಕಡಿಮೆ ಅರ್ಧ ಕೋಶ ಸಾಯುತ್ತದೆ. ಆದರೆ 1ರಿಂದ 5 ಮೈಕ್ರೋಗ್ರಾಂನಲ್ಲಿ ರೀಡಿಂಗ್ ಕಂಟ್ರೋಲಿಗಿಂತ ಮೇಲಿದೆ, ಶೇ. 120ರ ಆಸುಪಾಸು. ಎರಡೂ ಸೆಲ್ ಲೈನಿನಲ್ಲಿ ಇದೇ ಕಥೆ.

ಇಲ್ಲಿಗೇ ನಿಲ್ಲಿಸಿ, ಸಿಪ್ಪೆಯಲ್ಲಿರುವ ಗಾರ್ಸಿನಾಲ್ ಎಂಬ ಹಳದಿ ಸಂಯುಕ್ತದ ಹೆಸರಿನಲ್ಲಿ "ಗಾರ್ಸಿನಾಲ್ ಅಪೊಪ್ಟೋಸಿಸ್ ಉಂಟುಮಾಡುತ್ತದೆ" ಎಂದು ಬರೆದು, ಜೊತೆಗೆ ಕೋಶದ ಸಾವು ತಡೆಯುವ ಬಿಸಿಎಲ್-2 ಪ್ರೋಟೀನಿನ ಮೇಲೆ ಡಾಕಿಂಗ್ (ಅಣು ಪ್ರೋಟೀನಿನಲ್ಲಿ ಹೇಗೆ ಕೂರುತ್ತದೆಂಬ ಕಂಪ್ಯೂಟರ್ ಅಂದಾಜು) ಚಿತ್ರ ಹಾಕಿದರೆ ಸಾಕು ಎಂಬ ಸಲಹೆ ಬಂದಿದೆ. ಅಷ್ಟು ಸಾಕಾ? ಗಾರ್ಸಿನಾಲ್ ಬೇರೆ ಮಾಡಿಕೊಳ್ಳುವುದು ಕಾಲೇಜು ಲ್ಯಾಬಿನಲ್ಲಿ ಆಗುವ ಕೆಲಸವಾ? ಫ್ಲೋ ಸೈಟೋಮೀಟರ್ (ಬಣ್ಣ ಹಾಕಿದ ಕೋಶಗಳನ್ನು ಒಂದೊಂದಾಗಿ ಓದುವ ಯಂತ್ರ) ಇಲ್ಲಿಲ್ಲ, ಮಣಿಪಾಲದ ಕಡೆ ಒಂದು ದಿನದ ಮಟ್ಟಿಗೆ ಸಿಗಬಹುದು. ದುಡ್ಡು ಕಡಿಮೆ, ಯಾವುದಕ್ಕೆ ಖರ್ಚು ಮಾಡಬೇಕು ಎಂದೂ ಹೇಳಿ.

ಬೆಣ್ಣೆಹೊಳೆ, ಶಿರಸಿ

ಮೊದಲು ಸಿಪ್ಪೆಯ ವಿಚಾರ. ಕೋಶದ ಮಾತನ್ನು ದೇವಿಮನೆಯವರು ಹೇಳುತ್ತಾರೆ.

ಅಂಗಡಿ ಸಿಪ್ಪೆ ಪ್ರಯೋಗಕ್ಕೆ ಬೇಡ. ಒಣಗಿಸುವಾಗ ಹಣ್ಣಿನ ರಸಕ್ಕೆ ಉಪ್ಪು ಹಾಕಿ, ಅದರಲ್ಲಿ ಸಿಪ್ಪೆಯನ್ನು ಮತ್ತೆ ಮತ್ತೆ ಅದ್ದಿ ಬಿಸಿಲಿಗಿಡುವ ಪದ್ಧತಿ ನಮ್ಮಲ್ಲೂ ಇದೆ, ಗೋವಾ ಕಡೆಯೂ ಇದೆ. ಅಂದರೆ ನಿಮ್ಮ ಪುಡಿಯಲ್ಲಿ ಎಷ್ಟು ಸಿಪ್ಪೆ, ಎಷ್ಟು ಉಪ್ಪು ಅಂತ ಅಂಗಡಿಯವನಿಗೂ ಗೊತ್ತಿರುವುದಿಲ್ಲ. ಏಪ್ರಿಲ್-ಮೇನಲ್ಲಿ ಹಣ್ಣು ಸಿಗುವಾಗ ಗುರುತಿರುವ ಮರದಿಂದ ಕೊಯ್ದು, ಉಪ್ಪು ಸೋಕಿಸದೆ ನೆರಳಿನಲ್ಲಿ ಒಣಗಿಸಿ. ಮಳೆ ಹಿಡಿಯುವ ಹೊತ್ತಾದರೆ 45 ಡಿಗ್ರಿ ಮೀರದ ಓವನ್. ಎಲೆ-ಕಾಯಿಯ ಹರ್ಬೇರಿಯಂ ಹಾಳೆ ಮಾಡಿ ಶಿರಸಿ ಅರಣ್ಯ ಮಹಾವಿದ್ಯಾಲಯದಲ್ಲೋ ನಿಮ್ಮ ಸಸ್ಯಶಾಸ್ತ್ರ ವಿಭಾಗದಲ್ಲೋ ಗುರುತು ಖಚಿತ ಮಾಡಿಸಿ. ಒಣಗಿ ಚೂರಾದ ಮೇಲೆ ಉಪ್ಪಾಗೆ (ಮುರುಗಲಿನದೇ ಕುಲದ ಇನ್ನೊಂದು ಮರ) ಸಿಪ್ಪೆ ಬೆರೆತರೆ ಕಣ್ಣಿಗೆ ಸಿಗುವುದು ಕಷ್ಟ. ಅದೂ ಅಲ್ಲದೆ ಉಪ್ಪಾಗೆಯನ್ನು ಮಳೆಗಾಲದಲ್ಲಿ ಬೆಂಕಿ ಹೊಗೆಯ ಮೇಲೆ ಒಣಗಿಸುತ್ತಾರೆ. ಹೊಗೆಯಿಂದ ಅಂಟುವ ಹೈಡ್ರೋಕಾರ್ಬನ್‌ಗಳೇ ಕೋಶಕ್ಕೆ ಸಾಕಷ್ಟು ವಿಷ.

ಗಾರ್ಸಿನಾಲ್ ಎಣ್ಣೆಯಲ್ಲಿ ಕರಗುವ ಪದಾರ್ಥ, ನೀರಿಗೆ ಬರುವುದು ನಗಣ್ಯ. ನೀರಿಗೆ ಬರುವುದು ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ, ಕೆಂಪು ಬಣ್ಣದ ಆಂಥೋಸಯಾನಿನ್, ಸಕ್ಕರೆ ಮತ್ತು ನಿಮ್ಮ ಅಂಗಡಿಯವನ ಉಪ್ಪು. ಹಾಗಾಗಿ ನೀರಿನ ಸಾರದ ಫಲಿತಾಂಶಕ್ಕೆ ಗಾರ್ಸಿನಾಲ್ ಹೆಸರು ಬರೆಯುವ ಹಾಗೇ ಇಲ್ಲ.

ಬೇರೆ ಮಾಡುವುದು ಕಾಲೇಜು ಲ್ಯಾಬಿನಲ್ಲೇ ಆಗುತ್ತದೆ. ಒಣಸಿಪ್ಪೆಯಲ್ಲಿ ಗಾರ್ಸಿನಾಲ್ ಶೇ. 2ರಿಂದ 3ರಷ್ಟಿರುತ್ತದೆ, ಸಸ್ಯಜನ್ಯ ಸಂಯುಕ್ತಗಳ ಲೆಕ್ಕದಲ್ಲಿ ಇದು ಬಹಳ ಆಯಿತು. 100 ಗ್ರಾಂ ಪುಡಿಯನ್ನು ಸಾಕ್ಸ್‌ಲೆಟ್‌ನಲ್ಲಿ ಹೆಕ್ಸೇನ್ ಹಾಕಿ, ಸೈಫನ್ನಿನಲ್ಲಿ ಇಳಿಯುವ ದ್ರವದ ಹಳದಿ ತೆಳುವಾಗುವವರೆಗೆ ಓಡಿಸಿ. ರೋಟರಿ ಇವ್ಯಾಪೊರೇಟರಿನಲ್ಲಿ 40 ಡಿಗ್ರಿಗೆ ಇಳಿಸಿ, ಸ್ವಲ್ಪ ಹೆಕ್ಸೇನ್ ಉಳಿದಿರುವಾಗಲೇ ನಿಲ್ಲಿಸಿ, ಫ್ರಿಜ್ಜಿನಲ್ಲಿ 4-5 ಡಿಗ್ರಿಯಲ್ಲಿ ಎರಡು ದಿನ ಅಲ್ಲಾಡಿಸದೆ ಇಡಿ. ತಳದಲ್ಲಿ ಹಳದಿ ಪುಡಿ ಕೂರುತ್ತದೆ. ತಣ್ಣಗಿನ ಹೆಕ್ಸೇನ್‌ನಲ್ಲಿ ತೊಳೆದು, ಅಸಿಟೋನೈಟ್ರೈಲ್‌ನಲ್ಲಿ ಕರಗಿಸಿ ಕೋಣೆಯ ಉಷ್ಣಾಂಶದಲ್ಲಿ ಬಿಟ್ಟರೆ ತೆಳು ಹಳದಿ ಸೂಜಿಯಂಥ ಹರಳು. ಕರಗುವ ಬಿಂದು 122 ಡಿಗ್ರಿ ಹತ್ತಿರ ಇರಬೇಕು. ಇದ್ದದ್ದರಲ್ಲಿ ಅರ್ಧ ಕೈಗೆ ಬಂದರೂ ಒಂದು ಗ್ರಾಂ ಆಯಿತು. ನಿಮ್ಮ ಕೋಶದ ಕೆಲಸಕ್ಕೆ 20 ಮಿ.ಗ್ರಾಂ ಸಾಕು.

ಕೆಡುವುದು ಎಲ್ಲಿ ಅಂದರೆ ಬೀಜದಲ್ಲಿ. ಸಿಪ್ಪೆಯ ಜೊತೆ ಬೀಜದ ಚೂರು ಸೇರಿದರೆ ಮುರುಗಲು ತುಪ್ಪವೂ ಹೆಕ್ಸೇನಿಗೆ ಬರುತ್ತದೆ, ಫ್ರಿಜ್ಜಿನಲ್ಲಿ ಬೆಳ್ಳಗೆ ಮೇಣದ ಹಾಗೆ ಗಟ್ಟಿಯಾಗಿ ಗಾರ್ಸಿನಾಲ್ ಬಂದೇ ಬಿಟ್ಟಿತು ಎಂಬ ಭ್ರಮೆ ಹುಟ್ಟಿಸುತ್ತದೆ. 40 ಡಿಗ್ರಿ ಆಸುಪಾಸಿನಲ್ಲೇ ಕರಗಿದರೆ ಅದು ತುಪ್ಪ. ಇನ್ನೊಂದು, ಆಮ್ಲದ ಜೊತೆ ಬಿಸಿ ಮಾಡಿದರೆ ಗಾರ್ಸಿನಾಲ್ ಐಸೋಗಾರ್ಸಿನಾಲ್ ಆಗಿ ಉಂಗುರ ಕಟ್ಟಿಕೊಳ್ಳುತ್ತದೆ. ಎರಡರ ಅಣುತೂಕವೂ ಒಂದೇ, 602.8. ಮಾಸ್ ಸ್ಪೆಕ್ಟ್ರಂನಲ್ಲಿ ಎರಡಕ್ಕೂ 603.4ರಲ್ಲೇ ಶಿಖರ ಕಾಣುತ್ತದೆ. ಹಾಗಾಗಿ ಮಾಸ್ ಒಂದನ್ನೇ ನಂಬಬೇಡಿ, ಒಂದು ಪ್ರೋಟಾನ್ ಎನ್‌ಎಂಆರ್ ಮಾಡಿಸಿ, ಇಲ್ಲವೇ ಕೊಂಡ ಸ್ಟ್ಯಾಂಡರ್ಡಿನ ಪಕ್ಕದಲ್ಲಿ ಎಚ್‌ಪಿಎಲ್‌ಸಿ ಓಡಿಸಿ. ಹೆಕ್ಸೇನ್ ಇರುವ ಕೋಣೆಯಲ್ಲಿ ಬರ್ನರ್ ಹಚ್ಚುವುದು ಬೇಡ, ಹೀಟಿಂಗ್ ಮ್ಯಾಂಟಲ್ ಮಾತ್ರ.

ದೇವಿಮನೆ_ಘಟ್ಟ

ಸಂಗಮ ಅವರೇ, ನಿಮ್ಮ ಮೂರು ಫಲಿತಾಂಶಕ್ಕೆ ಮೂರು ಬೇರೆ ಬೇರೆ ಕಾರಣಗಳಿವೆ. ಅಪೊಪ್ಟೋಸಿಸ್ ಅನ್ನುವ ಮಾತು ಸದ್ಯಕ್ಕೆ ಒಂದರಲ್ಲೂ ಸಾಬೀತಾಗಿಲ್ಲ.

ನೀರಿನ ಸಾರದ ಲೆಕ್ಕ ಹಾಕಿ. ಒಣಸಿಪ್ಪೆಯಲ್ಲಿ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಶೇ. 20-30. ಸಾರದಲ್ಲಿ ಕಾಲು ಭಾಗ ಎಂದೇ ಹಿಡಿದರೂ 5 ಮಿ.ಗ್ರಾಂ/ಮಿ.ಲೀ. ಅಂದರೆ 1.25 ಮಿ.ಗ್ರಾಂ ಆಮ್ಲ, ಅಣುತೂಕ 208, ಅಂದರೆ 6 ಮಿಲಿಮೋಲಾರ್. ಪ್ರತಿ ಅಣುವೂ ಮೂರು ಪ್ರೋಟಾನ್ ಬಿಡುವುದರಿಂದ ಒಟ್ಟು 18 ಮಿಲಿಮೋಲಾರ್. ಆರ್‌ಪಿಎಂಐ ಮೀಡಿಯಂನಲ್ಲಿರುವ ಬೈಕಾರ್ಬೊನೇಟ್ 24 ಮಿಲಿಮೋಲಾರ್. ಅದರಲ್ಲಿ ಮುಕ್ಕಾಲು ಪಾಲು ಖರ್ಚಾಗಿ ಪಿಎಚ್ 7.4ರಿಂದ 6.8ಕ್ಕೆ ಬರುತ್ತದೆ. ಮೀಡಿಯಂನಲ್ಲಿರುವ ಫೀನಾಲ್ ರೆಡ್ ಬಣ್ಣ ಹಳದಿಯಾದದ್ದು ಅದಕ್ಕೇ. ಮೇಲಿಂದ ಉಪ್ಪು ಬೇರೆ: ಸಾರದಲ್ಲಿ ಶೇ. 30 ಉಪ್ಪಿದ್ದರೆ ಆಸ್ಮೊಲಾಲಿಟಿ (ಕರಗಿದ ಕಣಗಳ ಒಟ್ಟು ಸಾಂದ್ರತೆ) 50 ಮಿಲಿಆಸ್ಮೋಲಿನಷ್ಟು ಏರುತ್ತದೆ. 1 ಮಿ.ಗ್ರಾಂನಲ್ಲಿ ಏನೂ ಆಗದೆ 5ರಲ್ಲಿ ಎಲ್ಲವೂ ಒಟ್ಟಿಗೇ ಸತ್ತದ್ದು ಕೂಡ ಇದನ್ನೇ ಹೇಳುತ್ತದೆ. ಇಂಥ ಹುಳಿ-ಉಪ್ಪಿನಲ್ಲಿ ಯಾವ ಕೋಶವಾದರೂ ಸಾಯಬಹುದು, ಕ್ಯಾನ್ಸರ್ ಆಗಲೇಬೇಕೆಂದಿಲ್ಲ. ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಪಿಎಚ್ 7.4ಕ್ಕೆ ತಂದು ಮತ್ತೆ ಮಾಡಿ, ಪಕ್ಕದಲ್ಲಿ ಅಷ್ಟೇ ಮಿಲಿಮೋಲಾರ್ ಸಿಟ್ರಿಕ್ ಆಮ್ಲದ ಕಂಟ್ರೋಲ್ ಇಡಿ. ಸಾವು ಮಾಯವಾದರೆ ನೀರಿನ ಸಾರದ ಅಧ್ಯಾಯ ಅಲ್ಲಿಗೆ ಮುಗಿಯಿತು.

ಶೇ. 120ರದ್ದು ಹೆಚ್ಚು ಸ್ವಾರಸ್ಯದ್ದು. ಎರಡು ಸಾಧ್ಯತೆ. ಒಂದು, ಎಂಟಿಟಿಯನ್ನು ನೇರಳೆ ಫಾರ್ಮಜಾನ್ ಮಾಡಲು ಕೋಶವೇ ಬೇಕಿಲ್ಲ, ಪಾಲಿಫೀನಾಲ್‌ಗಳು ಅದನ್ನು ತಾವಾಗಿಯೇ ಅಪಕರ್ಷಿಸುತ್ತವೆ. ಕೋಶವಿಲ್ಲದ ಗುಳಿಗೆ (ಪ್ಲೇಟಿನ ವೆಲ್ಲಿಗೆ) ಮೀಡಿಯಂ, ಸಾರ, ಎಂಟಿಟಿ ಹಾಕಿ ಇಡಿ, ನೇರಳೆ ಬಂದರೆ ಅಷ್ಟನ್ನು ಕಳೆಯಬೇಕು. ಓದುವ ಮೊದಲು ಸಾರದ ಮೀಡಿಯಂ ತೆಗೆದು ಪಿಬಿಎಸ್‌ನಲ್ಲಿ ಒಮ್ಮೆ ತೊಳೆದು, ಹೊಸ ಮೀಡಿಯಂನಲ್ಲಿ 0.5 ಮಿ.ಗ್ರಾಂ/ಮಿ.ಲೀ. ಎಂಟಿಟಿ ಹಾಕಿ 3 ತಾಸು ಇಟ್ಟರೆ ಬಹುಪಾಲು ತೊಂದರೆ ತಪ್ಪುತ್ತದೆ. 570ರಲ್ಲಿ ಓದಿ, 690ರದ್ದು ಕಳೆಯಿರಿ.

ಎರಡನೇ ಸಾಧ್ಯತೆ ನಿಜವಾದ ಬೆಳವಣಿಗೆ. ಗಾರ್ಸಿನಾಲ್ ಕಲ್ಚರ್ ಮೀಡಿಯಂನಲ್ಲಿ ತಾನಾಗಿ ಆಕ್ಸಿಡೀಕರಣಗೊಳ್ಳುತ್ತದೆ. ಆಗ ಹುಟ್ಟುವ ಸೂಪರಾಕ್ಸೈಡ್, ಪೆರಾಕ್ಸೈಡ್ ಕಡಿಮೆ ಪ್ರಮಾಣದಲ್ಲಿ ಕೋಶವನ್ನು ಬೆಳೆಸುತ್ತವೆ. 1 ಮೈಕ್ರೋಮೋಲಾರಿಗಿಂತ ಕೆಳಗೆ ಕರುಳಿನ ಕೋಶಗಳಲ್ಲಿ ಇದು ವರದಿಯಾದ ವಿಷಯ. ನಿಮ್ಮ ಮೆಥನಾಲ್ ಸಾರದಲ್ಲಿ ಶೇ. 10 ಗಾರ್ಸಿನಾಲ್ ಎಂದು ಅಂದಾಜಿಸಿದರೆ 1-5 ಮೈಕ್ರೋಗ್ರಾಂ ಅಂದರೆ 0.2ರಿಂದ 0.8 ಮೈಕ್ರೋಮೋಲಾರ್. ಸರಿಯಾಗಿ ಅದೇ ವ್ಯಾಪ್ತಿ. ಕ್ಯಾಟಲೇಸ್ 200 ಯೂನಿಟ್/ಮಿ.ಲೀ. ಮತ್ತು ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಜೊತೆಗೆ ಹಾಕಿ ನೋಡಿ. ಏರಿಕೆ ಇಳಿದರೆ ಕಾರಣ ಸಿಕ್ಕಿತು. ಅದೇ ಕ್ಯಾಟಲೇಸ್ ಹಾಕಿದಾಗ 50 ಮೈಕ್ರೋಗ್ರಾಂನ ಸಾವೂ ಕಡಿಮೆಯಾದರೆ ಕೋಶವನ್ನು ಕೊಲ್ಲುತ್ತಿದ್ದದ್ದು ಮೀಡಿಯಂನಲ್ಲಿ ಹುಟ್ಟಿದ ಹೈಡ್ರೋಜನ್ ಪೆರಾಕ್ಸೈಡ್. ಗಿಡದ ಸಂಯುಕ್ತಗಳ ಮೇಲಿನ ಎಷ್ಟೋ ಪೇಪರುಗಳಲ್ಲಿ ಈ ಒಂದು ಗುಳಿ ಇರುವುದೇ ಇಲ್ಲ. ಮಾಡಿದವರ ಕೆಲಸ ತಾನಾಗಿ ಎದ್ದು ಕಾಣುತ್ತದೆ.

ಶುದ್ಧ ಗಾರ್ಸಿನಾಲ್ ಸಿಕ್ಕ ಮೇಲೆ 20 ಮಿಲಿಮೋಲಾರ್ ಸ್ಟಾಕ್ ಮಾಡಿ, 12.06 ಮಿ.ಗ್ರಾಂ 1 ಮಿ.ಲೀ. ಡಿಎಂಎಸ್‌ಒದಲ್ಲಿ. 20 ಮೈಕ್ರೋಲೀಟರಿನ ಪಾಲು ಮಾಡಿ ಮೈನಸ್ 20ರಲ್ಲಿ ಬೆಳಕು ತಾಗದ ಹಾಗೆ ಇಡಿ, ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ದುರ್ಬಲಗೊಳಿಸುವ ಸರಣಿಯನ್ನು ಡಿಎಂಎಸ್‌ಒದಲ್ಲೇ ಮಾಡಿ ಎಲ್ಲ ಗುಳಿಗೂ 1:1000 ಹಾಕಿ. ಆಗ ಎಲ್ಲ ಕಡೆ ಡಿಎಂಎಸ್‌ಒ ಶೇ. 0.1 ಇರುತ್ತದೆ. 0, 0.5, 1, 2.5, 5, 10, 20 ಮೈಕ್ರೋಮೋಲಾರ್. ಗುಳಿಗೆ 786-ಓ 5,000 ಕೋಶ, ಕೂರಲು 24 ತಾಸು ಬಿಟ್ಟು ಆಮೇಲೆ ಔಷಧ. ಅಂಚಿನ ಗುಳಿಗಳಲ್ಲಿ ಬರೀ ಪಿಬಿಎಸ್, ಅಲ್ಲಿ ನೀರು ಆರಿ ಸಾಂದ್ರತೆ ಏರುತ್ತದೆ. ಸೀರಂ ಶೇ. 10 ಎಂದು ಶುರು ಮಾಡಿದರೆ ಕೊನೆಯವರೆಗೂ ಅದೇ ಇರಲಿ. ಗಾರ್ಸಿನಾಲ್‌ನಂಥ ಜಿಡ್ಡು ಅಣು ಆಲ್ಬುಮಿನ್‌ಗೆ ಅಂಟುವುದರಿಂದ, ಸೀರಂ ಇಳಿಸಿದರೆ ಅದೇ ಪ್ರಮಾಣ ಹೆಚ್ಚು ಕೊಲ್ಲುತ್ತದೆ.

ಈಗ ಅಪೊಪ್ಟೋಸಿಸ್. ಎಂಟಿಟಿ ಹೇಳುವುದು ಚಯಾಪಚಯ ಕಡಿಮೆಯಾಗಿದೆ ಎಂದಷ್ಟೇ. ಕೋಶ ಸತ್ತಿರಬಹುದು, ವಿಭಜನೆ ನಿಲ್ಲಿಸಿ ಸುಮ್ಮನೆ ಕೂತಿರಬಹುದು, ಅಥವಾ ಮೈಟೊಕಾಂಡ್ರಿಯಾ ಮಾತ್ರ ಮಂಕಾಗಿರಬಹುದು. ಡಾಕಿಂಗ್ ಅಂಕ ಇದರಲ್ಲಿ ಯಾವುದನ್ನೂ ಹೇಳುವುದಿಲ್ಲ. ಬಿಸಿಎಲ್-2ರ ತೋಡಿಗೆ ಏನನ್ನು ಕೊಟ್ಟರೂ ಮೈನಸ್ ಎಂಟೋ ಒಂಬತ್ತೋ ಬರುತ್ತದೆ ಮಾರಾಯ್ರೇ. ಬೇಕಾದದ್ದು ಮೂರು ಸಾಕ್ಷಿ: ಹೊರಪೊರೆಯಲ್ಲಿ ಫಾಸ್ಫಾಟಿಡೈಲ್ ಸೆರೀನ್ ಹೊರಮುಖವಾದದ್ದು, ಕ್ಯಾಸ್ಪೇಸ್ (ಅಪೊಪ್ಟೋಸಿಸ್ ನಡೆಸುವ ಕಿಣ್ವ) ಕತ್ತರಿಸಿದ್ದು, ಮತ್ತು ಕ್ಯಾಸ್ಪೇಸ್ ತಡೆದರೆ ಸಾವೂ ತಡೆಯುವುದು. ಮೂರನೆಯದೇ ಮುಖ್ಯ, ಅದನ್ನೇ ಜನ ಬಿಡುತ್ತಾರೆ.

ಕ್ಯಾಸ್ಪೇಸ್ ತಡೆಯುವ ಝಡ್-ವ್ಯಾಡ್-ಎಫ್‌ಎಂಕೆಯನ್ನು 20 ಮೈಕ್ರೋಮೋಲಾರಿನಂತೆ ಒಂದು ತಾಸು ಮೊದಲೇ ಹಾಕಿ, ಆಮೇಲೆ ಗಾರ್ಸಿನಾಲ್. ಕೋಶ ಉಳಿದರೆ ಅಪೊಪ್ಟೋಸಿಸ್ ಎನ್ನಲು ಹಕ್ಕಿದೆ. ಉಳಿಯದಿದ್ದರೆ ಸಾವಿನ ಬೇರೆ ಎರಡು ದಾರಿಗಳಾದ ಫೆರೋಪ್ಟೋಸಿಸ್, ನೆಕ್ರೊಪ್ಟೋಸಿಸ್ ತಡೆಯುವ ಫೆರೋಸ್ಟಾಟಿನ್-1 (1-2 ಮೈಕ್ರೋಮೋಲಾರ್), ನೆಕ್ರೋಸ್ಟಾಟಿನ್-1 (20-30 ಮೈಕ್ರೋಮೋಲಾರ್) ಬೇರೆ ಬೇರೆ ಗುಳಿಯಲ್ಲಿ. ಕ್ಲಿಯರ್ ಸೆಲ್ ಕಿಡ್ನಿ ಕ್ಯಾನ್ಸರ್ ಕೋಶಗಳಲ್ಲಿ ಕೊಬ್ಬು ತುಂಬಿರುತ್ತದೆ. ಜಿಪಿಎಕ್ಸ್-4 ಕಿಣ್ವ ತಡೆದರೆ ಕೊಬ್ಬು ಪೆರಾಕ್ಸೈಡ್ ಆಗಿ ಸಾಯುವ ಫೆರೋಪ್ಟೋಸಿಸ್‌ಗೆ ಇವು ಬೇರೆ ಕ್ಯಾನ್ಸರುಗಳಿಗಿಂತ ಬೇಗ ಬಲಿಯಾಗುತ್ತವೆ. ಹಾಗಾಗಿ ಇಲ್ಲಿ ಸಾವೆಂದರೆ ಅಪೊಪ್ಟೋಸಿಸ್ಸೇ ಎಂದು ಊಹಿಸುವುದು ಇನ್ನೂ ಅಪಾಯ.

ಪ್ರೋಟೀನನ್ನು ಪಟ್ಟಿಯಾಗಿ ಕಾಣಿಸುವ ವೆಸ್ಟರ್ನ್ ಬ್ಲಾಟ್‌ಗೆ ಒಂದೇ ಆಂಟಿಬಾಡಿ ಕೊಳ್ಳುವ ದುಡ್ಡಿದ್ದರೆ ಪಾರ್ಪ್ (ಕ್ಯಾಸ್ಪೇಸ್ ಕತ್ತರಿಸುವ ಪ್ರೋಟೀನು) ಕೊಳ್ಳಿ. 116 ಕಿಲೋಡಾಲ್ಟನ್ ಪಟ್ಟಿ ಕರಗಿ 89ರಲ್ಲಿ ಪಟ್ಟಿ ಬರುವುದು ಒಂದೇ ಚಿತ್ರದಲ್ಲಿ ಕಾಣುತ್ತದೆ. ಎರಡನೆಯದಕ್ಕೆ ದುಡ್ಡಿದ್ದರೆ ಕತ್ತರಿಸಿದ ಕ್ಯಾಸ್ಪೇಸ್-3, 17 ಮತ್ತು 19. ಬ್ಯಾಕ್ಸ್/ಬಿಸಿಎಲ್-2 ಅನುಪಾತದ ಪಟ್ಟಿಗಳನ್ನು ಎಲ್ಲರೂ ಹಾಕುತ್ತಾರೆ, ನನಗೆ ಅದರ ಮೇಲೆ ಅಷ್ಟು ಭರವಸೆ ಇಲ್ಲ. ಬ್ಯಾಕ್ಸ್ ಪ್ರಮಾಣ ಏರದೆಯೂ ಮೈಟೊಕಾಂಡ್ರಿಯಾಕ್ಕೆ ಹೋಗಿ ಕೂತರೆ ಕೆಲಸ ಆಗುತ್ತದೆ. ಲೈಸೇಟ್ ಮಾಡುವಾಗ ತೇಲುವ ಕೋಶಗಳನ್ನು ಚೆಲ್ಲಬೇಡಿ, ಸತ್ತವರೆಲ್ಲ ಅಲ್ಲೇ ಇರುವುದು. ಪಾಸಿಟಿವ್ ಕಂಟ್ರೋಲಿಗೆ ಸ್ಟಾರೋಸ್ಪೊರಿನ್ 1 ಮೈಕ್ರೋಮೋಲಾರ್, 6 ತಾಸು.

ಮಳೆಗಾಲ ಹತ್ತಿರ ಬಂತು. ಇನ್‌ಕ್ಯುಬೇಟರಿನ ನೀರಿನ ತಟ್ಟೆಗೆ ಚಿಟಿಕೆ ಮೈಲುತುತ್ತ ಹಾಕಿ. ಕರಾವಳಿಯ ಆ ಹವೆಯಲ್ಲಿ ಬೂಸ್ಟು ಮೊದಲು ಹತ್ತುವುದೇ ಅಲ್ಲಿ.

ಕಾಳಿ_ಸಂಗಮ, ಕಾರವಾರ

ಬಹಳ ಉಪಕಾರ ಆಯ್ತು ಇಬ್ಬರಿಗೂ. ಪಿಎಚ್ ಲೆಕ್ಕ ಹೊಳೆದೇ ಇರಲಿಲ್ಲ. ಇನ್ನೆರಡು ಕೇಳುವುದಿದೆ. 786-ಓದಲ್ಲಿ ಎಚ್‌ಐಎಫ್-1 ಆಲ್ಫಾ (ಆಮ್ಲಜನಕ ಕಡಿಮೆಯಾದಾಗ ಏರುವ ಪ್ರೋಟೀನು) ಇಳಿಯುತ್ತದಾ ಎಂದು ಬ್ಲಾಟ್ ಮಾಡುವ ಯೋಚನೆಯಿತ್ತು, ಸರಿಯಾ? ಮತ್ತೆ ಕಂಟ್ರೋಲ್ ಕೋಶ ಎಚ್‌ಕೆ-2 ತರಿಸಿದರೆ "ಆರೋಗ್ಯವಂತ ಕೋಶಕ್ಕೆ ತೊಂದರೆಯಿಲ್ಲ" ಎಂದು ತೋರಿಸಬಹುದಾ?

ದೇವಿಮನೆ_ಘಟ್ಟ

ಆ ಬ್ಲಾಟಿಗೆ ದುಡ್ಡು ಹಾಕಬೇಡಿ. 786-ಓದಲ್ಲಿ ಎಚ್‌ಐಎಫ್-1 ಆಲ್ಫಾ ಇಲ್ಲವೇ ಇಲ್ಲ. ಅದರಲ್ಲಿ ವಿಎಚ್‌ಎಲ್ ಜೀನ್ ಕೆಟ್ಟು, ಎಚ್‌ಐಎಫ್-2 ಆಲ್ಫಾ ಒಂದೇ ಕೊಳೆಯದೆ ಗುಡ್ಡೆ ಬಿದ್ದಿರುತ್ತದೆ. ಆಮ್ಲಜನಕ ಇದ್ದಾಗ ವಿಎಚ್‌ಎಲ್ ಪ್ರೋಟೀನ್ ಎಚ್‌ಐಎಫ್ ಅನ್ನು ಹಿಡಿದು ನಾಶಕ್ಕೆ ಕಳಿಸಬೇಕು. ಆ ಸರಪಳಿ ಬಿಡಿಸಿದ್ದಕ್ಕೇ ಕೆಲಿನ್, ರಾಟ್‌ಕ್ಲಿಫ್, ಸೆಮೆಂಜಾ ಮೂವರಿಗೆ 2019ರ ನೊಬೆಲ್. ಕ್ಲಿಯರ್ ಸೆಲ್ ಕ್ಯಾನ್ಸರಿನ ಬಹುಪಾಲಿನಲ್ಲಿ ಅದೇ ಕೊಂಡಿ ಕಳಚಿರುತ್ತದೆ. ಎಚ್‌ಐಎಫ್-2 ಆಲ್ಫಾವನ್ನೇ ಹಿಡಿಯುವ ಬೆಲ್ಜುಟಿಫಾನ್ ಮಾತ್ರೆಗೆ ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು. ನಿಮ್ಮ ಇನ್ನೊಂದು ಲೈನ್ ಎಸಿಎಚ್‌ಎನ್‌ನಲ್ಲಿ ವಿಎಚ್‌ಎಲ್ ಸರಿಯಾಗಿಯೇ ಇದೆ. ಎರಡೂ ಒಂದೇ ಪ್ರಮಾಣಕ್ಕೆ ಸಾಯುತ್ತಿವೆ ಎಂದರೆ ಸಾವಿಗೂ ವಿಎಚ್‌ಎಲ್‌ಗೂ ಸಂಬಂಧ ಇರಲಿಕ್ಕಿಲ್ಲ. ಅದನ್ನೂ ಬರೆಯಿರಿ, ಅದೂ ಫಲಿತಾಂಶವೇ.

ಎಚ್‌ಐಎಫ್ ಏರಿಸುವ ವಿಇಜಿಎಫ್ (ರಕ್ತನಾಳ ಬೆಳೆಸುವ ಪ್ರೋಟೀನು) ಇಳಿದದ್ದು ಕಂಡರೂ ಎಚ್‌ಐಎಫ್ ಇಳಿಯಿತು ಎಂದು ನೆಗೆಯಬೇಡಿ. ಗಾರ್ಸಿನಾಲ್ ಪಿ300 ಎಂಬ ಹಿಸ್ಟೋನ್ ಅಸಿಟೈಲ್ ಟ್ರಾನ್ಸ್‌ಫರೇಸ್ ಅನ್ನು ತಡೆಯುತ್ತದೆ ಎಂದು 2004ರಲ್ಲಿ ತೋರಿಸಿದ್ದು ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರದ ತಪಸ್ ಕುಂಡು ಅವರ ಲ್ಯಾಬ್. ಎಚ್‌ಐಎಫ್ ಕೆಲಸ ಮಾಡಲು ಪಿ300ರ ಜೊತೆ ಬೇಕು. ಎಚ್‌ಐಎಫ್ ಎಷ್ಟಿತ್ತೋ ಅಷ್ಟೇ ಇದ್ದು, ಅದರ ಕೈ ಮಾತ್ರ ಕಟ್ಟಿದ್ದಿರಬಹುದು. ಕಾಕಿ ಎಂಬ ಕಿಡ್ನಿ ಕ್ಯಾನ್ಸರ್ ಕೋಶದಲ್ಲಿ ಗಾರ್ಸಿನಾಲನ್ನು ಟ್ರೈಲ್ ಪ್ರೋಟೀನಿನ ಜೊತೆ ಕೊಟ್ಟಾಗ ಸಾವಿನ ಸಂಕೇತ ಹಿಡಿಯುವ ಡಿಆರ್-5 ಗ್ರಾಹಕ ಏರಿ, ಆ ಸಂಕೇತ ತಡೆಯುವ ಸಿ-ಫ್ಲಿಪ್ ಇಳಿದು ಅಪೊಪ್ಟೋಸಿಸ್ ಆದದ್ದು ಪ್ರಕಟವಾಗಿದೆ. ನಿಮ್ಮ ಪ್ರಾಜೆಕ್ಟಿನ ಚರ್ಚೆಯಲ್ಲಿ ಹೋಲಿಸಲು ಸರಿಯಾದ ಕೆಲಸ ಅದು, ಡಾಕಿಂಗ್ ಅಲ್ಲ.

ಎಚ್‌ಕೆ-2 ತರಿಸಿ, ಆದರೆ "ಆರೋಗ್ಯವಂತ" ಅನ್ನಬೇಡಿ. ಪ್ಯಾಪಿಲೋಮಾ ವೈರಸ್ಸಿನ ಇ6-ಇ7 ಜೀನ್ ಹಾಕಿ ಅಮರ ಮಾಡಿದ ನಳಿಕೆ ಕೋಶ ಅದು. ಇ6 ಪಿ53 ಅನ್ನೇ ಕೆಡಿಸುತ್ತದೆ. ಮೇಲಾಗಿ ಅದನ್ನು ಬೆಳೆಸುವುದು ಸೀರಂ ಇಲ್ಲದ ಕೆರಟಿನೊಸೈಟ್ ಮೀಡಿಯಂನಲ್ಲಿ, 786-ಓ ಶೇ. 10 ಸೀರಂನಲ್ಲಿ. ಮೇಲೆ ಹೇಳಿದ ಆಲ್ಬುಮಿನ್ ಕಾರಣಕ್ಕೆ ಎರಡರ ಐಸಿ-50 (ಅರ್ಧ ಕೋಶ ಕೊಲ್ಲುವ ಪ್ರಮಾಣ) ನೇರ ಹೋಲಿಸುವ ಹಾಗಿಲ್ಲ. ಔಷಧ ಹಾಕುವ 24 ತಾಸು ಮಾತ್ರವಾದರೂ ಎರಡಕ್ಕೂ ಒಂದೇ ಮೀಡಿಯಂ ಕೊಡಿ.

ಗಿಡದಿಂದ ಬಂದ ಕಿಡ್ನಿ ಕ್ಯಾನ್ಸರ್ ಸಂಯುಕ್ತದ ಮಾತು ಬಂದಾಗ ಎಂಗ್ಲೆರಿನ್-ಎ ಕಥೆ ಓದಿಕೊಳ್ಳಿ. ಆಫ್ರಿಕಾದ ಫಿಲಾಂಥಸ್ ಎಂಗ್ಲೆರಿ ಗಿಡದಿಂದ 2009ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು ಬೇರ್ಪಡಿಸಿದ್ದು. ಬೇರೆ ಕ್ಯಾನ್ಸರುಗಳನ್ನು ಹೆಚ್ಚಾಗಿ ಬಿಟ್ಟು ಕಿಡ್ನಿ ಕ್ಯಾನ್ಸರ್ ಲೈನುಗಳನ್ನು ನ್ಯಾನೊಮೋಲಾರ್ ಪ್ರಮಾಣದಲ್ಲಿ ಕೊಲ್ಲುತ್ತದೆ, ಅಂದರೆ ನಿಮ್ಮ ಗಾರ್ಸಿನಾಲ್‌ಗಿಂತ ನೂರಾರು ಪಟ್ಟು ಚುರುಕು. 2015ರ ಹೊತ್ತಿಗೆ ಗುರಿ ಸಿಕ್ಕಿತು: ಟಿಆರ್‌ಪಿಸಿ-4 ಮತ್ತು 5 ಎಂಬ ಅಯಾನ್ ಬಾಗಿಲುಗಳನ್ನು ಅದು ತೆರೆದುಬಿಡುತ್ತದೆ. ಆ ಬಾಗಿಲು ಬೇರೆ ಅಂಗಗಳಲ್ಲೂ ಇರುವುದರಿಂದ ರಕ್ತನಾಳಕ್ಕೆ ಕೊಟ್ಟ ಇಲಿಗಳು ಸತ್ತವು. ಬಾಯಿಂದ ಕೊಟ್ಟರೆ ಹೊಟ್ಟೆಯಲ್ಲೇ ಎಸ್ಟರ್ ಒಡೆದು ನಿಷ್ಕ್ರಿಯ. ಇದನ್ನು ಓದಿದ ಕೆಲವರು ನಮ್ಮ ನೆಲನೆಲ್ಲಿಯೂ ಫಿಲಾಂಥಸ್ಸೇ ಅಲ್ಲವಾ ಎಂದು ಹಂಚುತ್ತಿದ್ದಾರೆ. ಕುಲ ಒಂದೇ, ಆದರೆ ಎಂಗ್ಲೆರಿನ್ ನೆಲನೆಲ್ಲಿಯ ಪದಾರ್ಥ ಅಲ್ಲ.

ಅಂಕೋಲಾ_ಬಂದರು

ನಡುವೆ ಬಾಯಿ ಹಾಕಿದ್ದಕ್ಕೆ ಬೇಸರ ಮಾಡ್ಕೋಬೇಡಿ, ವಿಷಯ ಇದೇ ಆದ್ದರಿಂದ ಕೇಳ್ತಾ ಇದ್ದೇನೆ. ಒಂದು ಕಿಡ್ನಿ ತೆಗೆದು ಈಗ ಕಿಡ್ನಿ ಕ್ಯಾನ್ಸರಿನ ಪಜೊಪಾನಿಬ್ ಮಾತ್ರೆಯಲ್ಲಿರುವವರಿಗೆ ಮುರುಗಲು ಶರಬತ್ತು, ಅರಿಶಿನ-ಕಾಳುಮೆಣಸಿನ ಕ್ಯಾಪ್ಸೂಲು, ಹನುಮಫಲದ ಎಲೆ ಕಷಾಯ ಕೊಡಬಹುದಾ? ವಾಟ್ಸಾಪ್‌ನಲ್ಲಿ ಮೂರೂ ಓಡಾಡ್ತಿದೆ.

ಔಷಧಿ_ಚೀಟಿ, ಕುಮಟಾ (ಆಸ್ಪತ್ರೆ ಫಾರ್ಮಸಿಸ್ಟ್)

ಶರಬತ್ತು ಊಟದ ಜೊತೆ ಒಂದು ಲೋಟ ಕುಡಿದರೆ ಅಡ್ಡಿ ಇಲ್ಲ, ಬಿಪಿ ಇದ್ದರೆ ಉಪ್ಪು ಹಾಕದೆ. ಮೇಲೆ ಬೆಣ್ಣೆಹೊಳೆಯವರು ಹೇಳಿದ ಹಾಗೆ ಅದರಲ್ಲಿ ಗಾರ್ಸಿನಾಲ್ ಹೆಚ್ಚೇನೂ ಇರುವುದಿಲ್ಲ, ಹಾಗಾಗಿ ಔಷಧಿ ಎಂದು ಕುಡಿಸುವ ಅಗತ್ಯವೂ ಇಲ್ಲ. "ಗಾರ್ಸಿನಿಯಾ" ಹೆಸರಿನ ತೂಕ ಇಳಿಸುವ ಕ್ಯಾಪ್ಸೂಲು ಮಾತ್ರ ಬೇಡವೇ ಬೇಡ. ಅದು ಉಪ್ಪಾಗೆಯ ಸಾಂದ್ರ ಸಾರ, ಲಿವರ್ ಕೆಟ್ಟ ಪ್ರಕರಣಗಳು ದಾಖಲಾಗಿವೆ. ಪಜೊಪಾನಿಬ್ ತಾನೇ ಲಿವರಿಗೆ ಭಾರ. ಅದಕ್ಕೇ 3, 5, 7, 9ನೇ ವಾರಗಳಲ್ಲಿ ಲಿವರ್ ಟೆಸ್ಟ್ ಮಾಡಿಸಲು ಹೇಳುವುದು.

ಅರಿಶಿನ-ಮೆಣಸಿನ ಕ್ಯಾಪ್ಸೂಲು ಇದೇ ಕಾರಣಕ್ಕೆ ಬೇಡ, ಇನ್ನೊಂದು ಕಾರಣಕ್ಕೂ ಬೇಡ. ಬರೀ ಕುರ್ಕುಮಿನ್ ರಕ್ತಕ್ಕೆ ಸೇರುವುದಿಲ್ಲ, ದಿನಕ್ಕೆ 8 ಗ್ರಾಂ ನುಂಗಿದವರ ರಕ್ತದಲ್ಲೂ 2 ಮೈಕ್ರೋಮೋಲಾರ್ ಮುಟ್ಟಿಲ್ಲ. ಪ್ಲೇಟಿನಲ್ಲಿ ಕಿಡ್ನಿ ಕ್ಯಾನ್ಸರ್ ಕೋಶ ಕೊಲ್ಲಲು ಹತ್ತಿಪ್ಪತ್ತು ಬೇಕು. ಅದಕ್ಕೆಂದು ಪೈಪರಿನ್ ಸೇರಿಸುತ್ತಾರೆ. 20 ಮಿ.ಗ್ರಾಂ ಪೈಪರಿನ್ ಸೇರಿಸಿದರೆ ಕುರ್ಕುಮಿನ್ ದೊರಕುವಿಕೆ 20 ಪಟ್ಟು ಏರುತ್ತದೆ ಎಂದು 1998ರಲ್ಲಿ ತೋರಿಸಿದ್ದು ಬೆಂಗಳೂರಿನ ಸೇಂಟ್ ಜಾನ್ಸ್‌ನವರೇ. ಆದರೆ ಪೈಪರಿನ್ ತಡೆಯುವ ಸಿವೈಪಿ-3ಎ4 ಕಿಣ್ವವೇ ಪಜೊಪಾನಿಬ್, ಸುನಿಟಿನಿಬ್, ಆಕ್ಸಿಟಿನಿಬ್, ಕ್ಯಾಬೊಜಾಂಟಿನಿಬ್‌ಗಳನ್ನು ದೇಹದಿಂದ ಹೊರಹಾಕುವುದು. ಮಾತ್ರೆಯ ಮಟ್ಟ ರಕ್ತದಲ್ಲಿ ಏರಿದರೆ ಬಿಪಿ, ಭೇದಿ, ಲಿವರ್ ಎಲ್ಲ ಒಟ್ಟಿಗೆ ಕಾಡುತ್ತವೆ. ಸಾರಿಗೆ ಹಾಕುವ ನಾಲ್ಕು ಕಾಳಿಗೆ ಯಾರೂ ಬೇಡ ಎನ್ನುವುದಿಲ್ಲ. ದಿನಾ ಚಮಚೆಗಟ್ಟಲೆ ಮೆಣಸಿನ ಕಷಾಯ ಬೇರೆ ಮಾತು. 1 ಗ್ರಾಂ ಕಾಳುಮೆಣಸಿನಲ್ಲಿ 50 ಮಿ.ಗ್ರಾಂ ಪೈಪರಿನ್ ಇರುತ್ತದೆ, ಕ್ಯಾಪ್ಸೂಲಿಗಿಂತ ಹೆಚ್ಚಾಯಿತು. ಇಮ್ಯುನೊಥೆರಪಿ ಇಂಜೆಕ್ಷನ್ ತಗೊಳ್ಳುವವರಿಗೆ ಈ ಕಿಣ್ವದ ಗೊಡವೆ ಇಲ್ಲ. ಆದರೆ ಅವರಿಗೆ ಲಿವರ್ ಏರಿದಾಗ ಇಂಜೆಕ್ಷನ್ನಿಂದಲೋ ಕ್ಯಾಪ್ಸೂಲಿನಿಂದಲೋ ತಿಳಿಯದೆ ಚಿಕಿತ್ಸೆಯನ್ನೇ ನಿಲ್ಲಿಸಬೇಕಾಗಬಹುದು.

ಹನುಮಫಲದ ಎಲೆಯಲ್ಲಿ ಅನೊನಾಸಿನ್ ಇದೆ. ಅದು ಮೈಟೊಕಾಂಡ್ರಿಯಾದ ಕಾಂಪ್ಲೆಕ್ಸ್-1 ಅನ್ನು ತಡೆಯುತ್ತದೆ, ಕೋಶ ಸಾಯುವುದು ನಿಜವೇ. ನರಕೋಶವೂ ಸಾಯುತ್ತದೆ. ಗ್ವಾಡೆಲೂಪ್ ದ್ವೀಪದಲ್ಲಿ ಇದರ ಹಣ್ಣು, ಎಲೆ ಕಷಾಯ ರೂಢಿಯಿದ್ದವರಲ್ಲಿ ಪಾರ್ಕಿನ್ಸನ್ ತರಹದ ಕಾಯಿಲೆ ಹೆಚ್ಚು ಕಂಡದ್ದು 1999ರಿಂದ ಚರ್ಚೆಯಲ್ಲಿದೆ.

ನೀವು ಕೇಳದಿದ್ದರೂ ನಮ್ಮ ಕಡೆಯ ಮೂರು ಹೇಳಿಬಿಡುತ್ತೇನೆ. ಈಶ್ವರಿ ಬೇರು ಯಾವ ರೂಪದಲ್ಲೂ ಬೇಡ. ಅದರ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯನ್ನು ಒಣಗಿಸುತ್ತದೆ, ಮೂತ್ರನಾಳದ ಕ್ಯಾನ್ಸರನ್ನೇ ತರುತ್ತದೆ. ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಗಿಡಮೂಲಿಕೆ ಮಾತ್ರೆಯಿಂದ ಯುವತಿಯರ ಕಿಡ್ನಿ ಹೋದದ್ದು 1993ರಲ್ಲಿ ಬೆಳಕಿಗೆ ಬಂತು. ಎರಡನೆಯದು ಬಿಂಬುಳಿ ಮತ್ತು ಕಮರಾಕ್ಷಿ ರಸ. ಪಳದ್ಯಕ್ಕೆ ಒಂದೆರಡು ಕಾಯಿ ಪರವಾಗಿಲ್ಲ. ಖಾಲಿ ಹೊಟ್ಟೆಯಲ್ಲಿ ಲೋಟಗಟ್ಟಲೆ ರಸ ಕುಡಿದರೆ ಆಕ್ಸಲೇಟ್ ಹರಳು ಕಿಡ್ನಿ ನಳಿಕೆಗಳಲ್ಲಿ ಕೂರುತ್ತದೆ, ಇರುವುದೇ ಒಂದು ಕಿಡ್ನಿ. ಮೂರನೆಯದು ಜ್ಯೇಷ್ಠಮಧು. ಕೆಮ್ಮಿಗೆಂದು ದಿನಾ ಜಗಿದರೆ ಬಿಪಿ ಏರಿ ಪೊಟ್ಯಾಸಿಯಂ ಇಳಿಯುತ್ತದೆ, ಪಜೊಪಾನಿಬ್‌ಗೂ ಬಿಪಿ ಏರಿಸುವ ಚಾಳಿ ಇದೆ.

ಪಜೊಪಾನಿಬ್ ಊಟಕ್ಕೆ ಒಂದು ತಾಸು ಮೊದಲು ಅಥವಾ ಎರಡು ತಾಸು ನಂತರ, ಪುಡಿ ಮಾಡದೆ. ಅಸಿಡಿಟಿ ಮಾತ್ರೆ ಅಭ್ಯಾಸ ಇದ್ದರೆ ಡಾಕ್ಟರಿಗೆ ಹೇಳಿ, ಹೊಟ್ಟೆಯ ಆಮ್ಲ ಕಡಿಮೆಯಾದರೆ ಇದು ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಈಗಾಗಲೇ ಯಾವುದಾದರೂ ಕ್ಯಾಪ್ಸೂಲು ನುಂಗುತ್ತಿದ್ದರೆ ಡಬ್ಬಿಯನ್ನೇ ಮುಂದಿನ ತಪಾಸಣೆಗೆ ತಗೊಂಡು ಹೋಗಿ ತೋರಿಸಿ, ಹೆಸರು ಬಾಯಲ್ಲಿ ಹೇಳಿದರೆ ಸಾಲದು.

ಕಾಳಿ_ಸಂಗಮ, ಕಾರವಾರ

ದೇವಿಮನೆಯವರೇ, ಕೊನೆಯದೊಂದು. ಇಲ್ಲಿ ಅನೆಕ್ಸಿನ್ (ಹೊರಮುಖವಾದ ಫಾಸ್ಫಾಟಿಡೈಲ್ ಸೆರೀನಿಗೆ ಅಂಟುವ ಪ್ರೋಟೀನು) ಸ್ಟೇನ್ ಮಾಡಿ ಐಸ್ ಮೇಲಿಟ್ಟು ಮಣಿಪಾಲಕ್ಕೆ ಒಯ್ಯಬಹುದಾ?

ದೇವಿಮನೆ_ಘಟ್ಟ

ಆಗುವುದಿಲ್ಲ. ಅನೆಕ್ಸಿನ್ ಹಾಕಿದ ಕೋಶವನ್ನು ಒಂದು ತಾಸಿನೊಳಗೆ ಓದಬೇಕು. ನಾಲ್ಕೈದು ತಾಸಿನ ದಾರಿಯಲ್ಲಿ ಆರೋಗ್ಯದ ಕೋಶವೂ ಪಿಐ (ಪೊರೆ ಹರಿದ ಕೋಶದೊಳಗೆ ಮಾತ್ರ ಹೋಗಬೇಕಾದ ಬಣ್ಣ) ಹೀರಿಕೊಂಡು ಸತ್ತದ್ದರ ಲೆಕ್ಕಕ್ಕೆ ಸೇರುತ್ತದೆ.

ಎರಡು ದಾರಿ ಇದೆ. ಅಲ್ಲಿ ಕಲ್ಚರ್ ಕೋಣೆಯೂ ಸಿಗುವುದಾದರೆ, ಟಿ-25 ಫ್ಲಾಸ್ಕಿನ ಕತ್ತಿನವರೆಗೆ ಮೀಡಿಯಂ ತುಂಬಿ, ಗಾಳಿ ಗುಳ್ಳೆ ಉಳಿಯದ ಹಾಗೆ ಮುಚ್ಚಳ ಬಿಗಿದು ಪ್ಯಾರಾಫಿಲ್ಮ್ ಸುತ್ತಿ, ಥರ್ಮೊಕೋಲ್ ಡಬ್ಬಿಯಲ್ಲಿ ಐಸ್ ಇಲ್ಲದೆ ಒಯ್ಯಿರಿ. ರಾತ್ರಿ ಅಲ್ಲಿನ ಇನ್‌ಕ್ಯುಬೇಟರಿನಲ್ಲಿ ಸುಧಾರಿಸಿಕೊಳ್ಳಲಿ, ಔಷಧ ಅಲ್ಲೇ ಹಾಕಿ. ಎಬ್ಬಿಸುವಾಗ ಇಡಿಟಿಎ ಇಲ್ಲದ ಟ್ರಿಪ್ಸಿನ್, ಅದೂ ಎರಡು ನಿಮಿಷ ಸಾಕು. ಅನೆಕ್ಸಿನ್ ಅಂಟಲು ಕ್ಯಾಲ್ಸಿಯಂ ಬೇಕು, ಇಡಿಟಿಎ ಅದನ್ನೇ ಕಸಿಯುತ್ತದೆ. 100 ಮೈಕ್ರೋಲೀಟರ್ ಬೈಂಡಿಂಗ್ ಬಫರಿನಲ್ಲಿ ಒಂದು ಲಕ್ಷ ಕೋಶ, ಅನೆಕ್ಸಿನ್ 5 ಮೈಕ್ರೋಲೀಟರ್, ಪಿಐ 5 ಮೈಕ್ರೋಲೀಟರ್, ಕತ್ತಲಲ್ಲಿ 15 ನಿಮಿಷ, ಮೇಲೆ 400 ಮೈಕ್ರೋಲೀಟರ್ ಬಫರ್. ಬಣ್ಣ ಹಾಕದ್ದು, ಅನೆಕ್ಸಿನ್ ಮಾತ್ರ, ಪಿಐ ಮಾತ್ರ ಎಂಬ ಮೂರು ಟ್ಯೂಬಿನ ಜೊತೆಗೆ ಗಾರ್ಸಿನಾಲ್ ಹಾಕಿ ಬಣ್ಣ ಹಾಕದ ನಾಲ್ಕನೆಯದೂ ಇರಲಿ. ಹಳದಿ ಸಂಯುಕ್ತ ಹಸಿರು ಚಾನೆಲ್ಲಿನಲ್ಲಿ ತಾನೇ ಹೊಳೆದರೆ ಅಲ್ಲಿ ಗೊತ್ತಾಗುತ್ತದೆ.

ಒಂದೇ ದಿನ ಯಂತ್ರ ಮಾತ್ರ ಸಿಗುವುದಾದರೆ ಅನೆಕ್ಸಿನ್ ಬಿಟ್ಟುಬಿಡಿ. ಕಾರವಾರದಲ್ಲೇ ತೇಲುವ ಮತ್ತು ಅಂಟಿದ ಕೋಶ ಎರಡನ್ನೂ ಕೂಡಿಸಿ, ವೋರ್ಟೆಕ್ಸ್ ತಿರುಗುತ್ತಿರುವಾಗ ತಣ್ಣಗಿನ ಶೇ. 70 ಎಥನಾಲ್ ಹನಿಹನಿಯಾಗಿ ಬಿಡಿ. ಒಟ್ಟಿಗೆ ಸುರಿದರೆ ಕೋಶ ಗಂಟು ಕಟ್ಟುತ್ತದೆ. ಇದು ಮೈನಸ್ 20ರಲ್ಲಿ ವಾರಗಟ್ಟಲೆ ಇರುತ್ತದೆ. ಅಲ್ಲಿಗೆ ಹೋದ ಮೇಲೆ ತೊಳೆದು, ಆರ್‌ಎನ್‌ಏಸ್ 100 ಮತ್ತು ಪಿಐ 50 ಮೈಕ್ರೋಗ್ರಾಂ/ಮಿ.ಲೀ. ಹಾಕಿ 37 ಡಿಗ್ರಿಯಲ್ಲಿ 30 ನಿಮಿಷ ಇಟ್ಟು ಸಬ್-ಜಿ1 (ಡಿಎನ್‌ಎ ಚೂರಾಗಿ ಕಡಿಮೆಯಾದ ಕೋಶಗಳ ಪಾಲು) ಓದಿ. ಅದೇ ಕೋಶಗಳ ಇನ್ನೊಂದು ಪಾಲನ್ನು ಶೇ. 4 ಫಾರ್ಮಾಲ್ಡಿಹೈಡಿನಲ್ಲಿ 15 ನಿಮಿಷ ಇಟ್ಟು, ತೊಳೆದು ಪಿಬಿಎಸ್‌ನಲ್ಲಿ 4 ಡಿಗ್ರಿಯಲ್ಲಿ ಇಟ್ಟರೆ ಕತ್ತರಿಸಿದ ಕ್ಯಾಸ್ಪೇಸ್-3ರ ಆಂಟಿಬಾಡಿಗೂ ಆಯಿತು. ಝಡ್-ವ್ಯಾಡ್ ಹಾಕಿದ ಸ್ಯಾಂಪಲ್ಲನ್ನು ಎರಡರಲ್ಲೂ ಸೇರಿಸಿ.